ಬೆನ್ನು ಬರೆಯುವವಳು

ಡ್ರೈವರ್ ಸೀಟಿನ ಅಪ್ಪನಿಗೆ, ಹಿಂದಿನ ಸೀಟಿನ ಮಗಳ ನಮಸ್ಕಾರ.

ನಾನಿಲ್ಲಿ ಕ್ಷೇಮ. ಅಲ್ಲಿ ನೀನು ಕ್ಷೇಮವೇ ಎಂದು ಕೇಳುವುದು ರೂಢಿ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಬದುಕಿದ್ದಾಗಲೂ ನೀನು ನನ್ನ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಟ್ಟವನಲ್ಲ, "ಹೂಂ" ಎಂದರೆ ಅದೇ ಹೆಚ್ಚು. ಹಾಗಾಗಿ ನಿನ್ನ ಮೌನ ನನಗೆ ಹೊಸದೇನಲ್ಲ.

ಇವತ್ತು ಗುಡ್ಡದ ಕೆಲಸ ಮುಗಿಸಿ ಒಪ್ಪಿಸಿ ಬಂದೆ. ಗುಡ್ಡವನ್ನು ನೀನು ಒಮ್ಮೆ ನೋಡಿದ್ದೀಯ. ಅದು ಯಾರು ಎಂದು ಮಾತ್ರ ನಾನು ನಿನಗೆ ಹೇಳಿರಲಿಲ್ಲ. ಅದನ್ನು ಹೇಳಲಿಕ್ಕೇ ಈಗ ಬರೆಯುತ್ತಾ ಕೂತಿದ್ದೇನೆ.

ನನ್ನ ಕೆಲಸ ಏನೆಂಬುದು ನಿನಗೆ ಕಡೆಯವರೆಗೂ ಪೂರ್ತಿ ತಲೆಗೆ ಹೋಗಲಿಲ್ಲ. ಪಕ್ಕದ ಮನೆಯವರು ಕೇಳಿದರೆ "ಕಂಪ್ಯೂಟರ್‌ನಲ್ಲಿ ಏನೋ ಪ್ರಾಣಿ ಸಾಕ್ತಾಳೆ" ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೆ ನೀನು. ಅದು ತೀರಾ ಸುಳ್ಳೂ ಅಲ್ಲ. ನಾವು ಮಾಡುವ ಆಟದಲ್ಲಿ ಆಡುವವರು ದಾರಿ ಹಿಡಿದು ಊರೂರು ಅಲೆಯುತ್ತಾರೆ. ಪೊದೆಯಿಂದ, ಕೊಳದಿಂದ, ಪಾಳುಗೋಡೆಯ ಮರೆಯಿಂದ ಲೋಕದಲ್ಲೆಲ್ಲೂ ಇಲ್ಲದ ಪ್ರಾಣಿಗಳು ಹಾರಿಬಂದು ಎದುರು ನಿಲ್ಲುತ್ತವೆ. ಅವುಗಳ ಜೊತೆ ಕಾದಾಡಿ, ಸುಸ್ತು ಮಾಡಿ, ಹಿಡಿದು ತಮ್ಮದಾಗಿಸಿಕೊಳ್ಳಬೇಕು. ಆಮೇಲೆ ಅದೇ ಪ್ರಾಣಿ ಅವರ ಪರವಾಗಿ ಮಿಕ್ಕವುಗಳ ಜೊತೆ ಕಾದಾಡುತ್ತದೆ. ಇದರಲ್ಲೊಂದು ವಿಚಿತ್ರವಿದೆ. ಪ್ರಾಣಿ ಕಾಡಿನದಾಗಿರುವಷ್ಟು ಹೊತ್ತು ನಮಗೆ ಮುಖ ಕೊಟ್ಟು ನಿಲ್ಲುತ್ತದೆ. ನಮ್ಮದಾದ ಗಳಿಗೆಯಿಂದ ನಮ್ಮ ಮುಂದೆ ನಿಂತು ಎದುರಾಳಿಯನ್ನು ನೋಡುತ್ತದೆ, ನಮಗೆ ಕಾಣುವುದು ಅದರ ಬೆನ್ನು ಮಾತ್ರ. ಹಾಗಾಗಿ ಒಂದೊಂದು ಪ್ರಾಣಿಗೂ ಎರಡೆರಡು ಚಿತ್ರ ಬೇಕು. ನಮ್ಮ ಆಫೀಸಿನಲ್ಲಿ ಮುಂಭಾಗ ಬರೆಯುವವನನ್ನು ಮುಖದವನು ಎನ್ನುತ್ತಾರೆ. ಹಿಂಭಾಗ ಬರೆಯುವ ನಾನು ಬೆನ್ನಿನವಳು.

ಇದನ್ನು ಹೇಳಿದ ದಿನ ನೀನು ಬಿದ್ದು ಬಿದ್ದು ನಕ್ಕಿದ್ದೆ. "ಬೆನ್ನು ಬರಿಯೋಕೂ ಒಬ್ರು ಬೇಕಾ? ಮುಖ ಬರೆದೋನು ಹಾಗೇ ತಿರುಗಿಸಿ ಬರೀಬಾರ್ದಾ?" ಬೆನ್ನು ಬರೆಯುವುದು ಮುಖಕ್ಕಿಂತ ಕಷ್ಟ, ಮುಖವಾದರೆ ಸುಳ್ಳು ಹೇಳುತ್ತದೆ, ಬೆನ್ನಿಗೆ ಅದು ಬರುವುದಿಲ್ಲ ಎಂದು ನಾನು ದೊಡ್ಡ ಭಾಷಣವನ್ನೇ ಬಿಗಿದೆ. ನೀನು "ಹೂಂ" ಎಂದು ಪಕ್ಕಕ್ಕೆ ತಿರುಗಿ ಮಲಗಿದೆ.

ನಾನು ಈ ವಿದ್ಯೆಯನ್ನು ಕಲಿತದ್ದು ಎಲ್ಲಿ ಎಂದು ನಿನಗೆ ಹೊಳೆಯಲೇ ಇಲ್ಲವಲ್ಲ ಅಪ್ಪ! ಅಮ್ಮ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಬರುವ ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಶಾಲೆಯ ಮುಂದಿನ ಸ್ಟಾಪಿಗೆ ನಿನ್ನ ಬಸ್ಸು ಬಂದಾಗ ನಾನು ಹತ್ತಿ ನಿನ್ನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರೆ ನಿನ್ನ ಪಾಳಿ ಮುಗಿಯುವವರೆಗೆ ಅದೇ ನನ್ನ ಮನೆ. ಓದು ಅಲ್ಲೇ, ತಿಂಡಿ ಅಲ್ಲೇ, ತೂಕಡಿಕೆಯೂ ಅಲ್ಲೇ. ಬೇರೆ ಮಕ್ಕಳು ಅಪ್ಪನ ಮುಖ ನೋಡಿಕೊಂಡು ಬೆಳೆದರೆ ನಾನು ಬೆನ್ನು ನೋಡಿಕೊಂಡು ಬೆಳೆದೆ. ಬೆವರಿಗೆ ಅಂಟಿದ ನೀಲಿ ಅಂಗಿ, ಎಡಗಡೆಗೆ ಇಳಿದ ಹೆಗಲು, ಕತ್ತಿನ ಹಿಂದಿನ ದಪ್ಪ ಮಡಿಕೆ, ಎಡಗಿವಿಯ ಮೇಲಂಚಿನಲ್ಲಿ ಹರಿದುಹೋದ ಒಂದು ತುಣುಕಿನ ಜಾಗ. ಚಿಕ್ಕಂದಿನಲ್ಲಿ ಹುಚ್ಚುನಾಯಿಯ ಜೊತೆ ಸೆಣಸಾಡಿದಾಗ ಆದದ್ದು ಎಂದು ನೀನು ಕೊಚ್ಚಿಕೊಳ್ಳುತ್ತಿದ್ದೆ. ಅತ್ತೆಯನ್ನು ಕೇಳಿದರೆ, ಯಾರದೋ ತೋಟದ ಬೇಲಿ ಹಾರಲು ಹೋಗಿ ತಂತಿಗೆ ಸಿಕ್ಕಿ ಅಳುತ್ತಾ ಮನೆಗೆ ಬಂದಿದ್ದನೆಂದು ನಿನ್ನ ಮಾನ ಕಳೆಯುತ್ತಿದ್ದಳು. ನಿನ್ನ ಮನಸ್ಸು ಸರಿಯಿಲ್ಲದ ದಿನ ಆ ಹೆಗಲು ಇನ್ನಷ್ಟು ಇಳಿಯುತ್ತಿತ್ತು. ಹಿಂದಿನಿಂದ ಯಾರಾದರೂ ರೇಗಿದರೆ ಕತ್ತಿನ ಮಡಿಕೆ ಕೆಂಪಾಗುತ್ತಿತ್ತು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಅಮ್ಮನ ನೆನಪು ಬಂದಾಗ ಏನಾಗುತ್ತಿತ್ತು ಎಂಬುದೂ ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಮುಖ ಕಾಣುತ್ತಿದ್ದದ್ದು ಕನ್ನಡಿಯಲ್ಲಿ, ನಿನ್ನ ತಲೆಯ ಮೇಲಿದ್ದ ಆ ಉದ್ದನೆಯ ಕನ್ನಡಿಯಲ್ಲಿ. ಪ್ರತಿ ಸ್ಟಾಪಿನಲ್ಲೂ ಹೊರಡುವ ಮುಂಚೆ ನೀನು ಅದರೊಳಗೆ ನೋಡುತ್ತಿದ್ದೆ. ಯಾರಾದರೂ ಓಡಿಬರುತ್ತಿದ್ದರೆ ಕಾಯುತ್ತಿದ್ದೆ. ಹತ್ತಿದ ಮುದುಕಿ ಕೂತಳೇ, ಕೂಸು ಹೊತ್ತವಳು ಕೂತಳೇ ಎಂದು ನೋಡುತ್ತಿದ್ದೆ. ಎಲ್ಲ ಮುಗಿದ ಮೇಲೆ ನಿನ್ನ ಕಣ್ಣು ನನ್ನ ಹತ್ತಿರ ಬಂದು ನಿಲ್ಲುತ್ತಿತ್ತು. "ಕೂತ್ಯಾ?" ನಾನು ತಲೆಯಾಡಿಸಬೇಕು, ಆಮೇಲೇ ಬಸ್ಸು ಹೊರಡುವುದು. ಒಮ್ಮೆ ನಾನು ಯಾವುದಕ್ಕೋ ಮುನಿಸಿಕೊಂಡು ಬೇಕೆಂದೇ ಕುತ್ತಿಗೆ ನೆಟ್ಟಗೆ ಮಾಡಿ ಕೂತಿದ್ದೆ. ಜನ ಗೊಣಗಲು ಶುರುಮಾಡಿದರು. ನೀನು ಕನ್ನಡಿಯಲ್ಲೇ ನನ್ನನ್ನು ನೋಡುತ್ತಾ ಎಲ್ಲರಿಗೂ ಕೇಳುವ ಹಾಗೆ, "ಅಮ್ಮಾವ್ರ ಅಪ್ಪಣೆ ಆಗಿಲ್ಲ, ಸ್ವಲ್ಪ ತಡೀರಿ" ಎಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ, ತಲೆಯಾಡಿಸಿಬಿಟ್ಟೆ.

ಮನೆಯಲ್ಲಿ ನಿನ್ನ ಮುಖ ನೋಡಿಯೇ ಇಲ್ಲ ಎಂದಲ್ಲ. ಆದರೆ ಮನೆಯಲ್ಲಿ ನೀನು ತಟ್ಟೆಯನ್ನು ನೋಡುತ್ತಿದ್ದೆ, ಇಲ್ಲವೇ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಕಣ್ಣಿಗೆ ಕಣ್ಣು ಕೊಟ್ಟು ನೀನು ನನ್ನನ್ನು ನೋಡುತ್ತಿದ್ದದ್ದು ಕನ್ನಡಿಯಲ್ಲೇ.

ಇನ್ನು ಗುಡ್ಡದ ವಿಷಯ. ನಮ್ಮ ತಂಡದ ಹಿರಿಯರಿಗೆ ಹೆಡ್‌ಮೇಷ್ಟ್ರು ಎಂದು ಹೆಸರಿಟ್ಟಿದ್ದೇವೆ, ಯಾಕೆಂದರೆ ಯಾವ ಚಿತ್ರ ತೋರಿಸಿದರೂ ಮೊದಲು ತಪ್ಪು ಹೇಳಿ ಆಮೇಲೆ ಕನ್ನಡಕ ಹಾಕಿಕೊಳ್ಳುತ್ತಾರೆ. ಆಟದಲ್ಲೇ ಅತಿ ಅಪರೂಪದ, ಅತಿ ಬಲದ ಪ್ರಾಣಿಯೊಂದು ಬೇಕು ಎಂದು ಅವರು ಅಪ್ಪಣೆ ಮಾಡಿದರು. ಅಪರೂಪದ ಪ್ರಾಣಿ ಎಂದರೆ ಸಾಕು, ಎಲ್ಲರೂ ಕೊಂಬಿನಿಂದ ಶುರುಮಾಡುತ್ತಾರೆ. ಕೊಂಬು ಸಾಲದಿದ್ದರೆ ರೆಕ್ಕೆ, ರೆಕ್ಕೆ ಸಾಲದಿದ್ದರೆ ಬೆಂಕಿ. ಮುಖದವನು ಬರೆದು ತಂದ ಒಂದಕ್ಕೆ ಮೈಮೇಲೆ ಜಾಗ ಸಾಲದೆ ಬಾಲದ ಮೇಲೂ ಕೊಂಬು ಮೂಡಿತ್ತು. ನಮ್ಮಲ್ಲಿ ಒಂದು ಪದ್ಧತಿಯಿದೆ. ಚಿತ್ರದ ಒಳಗೆಲ್ಲ ಕಪ್ಪು ತುಂಬಿ, ಗೋಡೆಗೆ ಅಂಟಿಸಿ ದೂರ ನಿಂತು ನೋಡುತ್ತೇವೆ. ಬರೀ ಆಕಾರ ನೋಡಿ ಇದು ಇಂಥದ್ದೇ ಎಂದು ಗುರುತು ಹತ್ತಬೇಕು, ಹತ್ತದಿದ್ದರೆ ಅದು ಕಸದ ಬುಟ್ಟಿಗೆ. ಮುಖದವನ ಪ್ರಾಣಿಗಳೆಲ್ಲ ಕಪ್ಪಾದ ಕೂಡಲೇ ಒಂದೇ ಮುಳ್ಳುಪೊದೆಯ ಹಾಗೆ ಕಂಡವು. ಹೆಡ್‌ಮೇಷ್ಟ್ರು ಬೇಸತ್ತು ನನ್ನ ಕಡೆ ತಿರುಗಿ, "ನೀನು ಹಿಂದಿನಿಂದ ಶುರುಮಾಡಿ ನೋಡಮ್ಮ. ಬೆನ್ನು, ಮುಖ ಎರಡೂ ನಿಂದೇ" ಎಂದರು.

ನನ್ನ ಕೈ ತಾನಾಗಿ ಹೋಯಿತು. ಕೊಂಬಿಲ್ಲ, ರೆಕ್ಕೆಯಿಲ್ಲ. ದಾರಿಗೆ ಅಡ್ಡ ನಿಂತ ಒಂದು ದೊಡ್ಡ ಬೆನ್ನು, ಎಡಕ್ಕೆ ಇಳಿದ ಹೆಗಲು, ಕತ್ತಿನ ಮಡಿಕೆ, ಅಂಚು ಹರಿದ ಎಡಗಿವಿ. ಕಪ್ಪು ತುಂಬಿ ಗೋಡೆಗೆ ಅಂಟಿಸಿದಾಗ ಎಲ್ಲರೂ ಹಿಂದೆ ಸರಿದು ನಿಂತು ನೋಡಿದರು. ಕೊನೆಗೆ ಮುಖದವನೇ, "ಇದರ ಹಿಂದೆ ನಿಂತ್ರೆ ಗಾಳಿ ಹೊಡೆಯಲ್ಲ ಅನ್ಸುತ್ತೆ" ಎಂದ. ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚಿರಬೇಕಿತ್ತು, ಪಾಪ, ಹಾಗಿದ್ದೂ ಆ ಮಾತು ಹೇಳಿದ. ಅಂದಿನಿಂದ ಅದಕ್ಕೆ ಗುಡ್ಡ ಎಂದೇ ಹೆಸರಾಯಿತು.

ಜಗಳ ಹತ್ತಿದ್ದು ಅದರ ನಡತೆಯ ಬಗ್ಗೆ. ಬಲ ಹೆಚ್ಚಿದಷ್ಟೂ ಪ್ರಾಣಿ ಬೇಗ ಓಡಿಹೋಗಬೇಕು ಎಂಬುದು ಇಂಥ ಆಟಗಳ ಕಟ್ಟಳೆ. ಸುಲಭವಾಗಿ ಸಿಕ್ಕರೆ ಅದಕ್ಕೆ ಬೆಲೆಯಿಲ್ಲವಂತೆ. ಗುಡ್ಡ ಓಡುವುದಿಲ್ಲ ಎಂದು ನಾನು ಹಟ ಹಿಡಿದೆ. ಅದು ಇಡೀ ಆಟದಲ್ಲಿ ಒಂದೇ ಸಲ ಬರುತ್ತದೆ, ಯಾವ ಗುಹೆಯಲ್ಲೂ ಅಲ್ಲ, ಸಾದಾ ಬೀದಿಯಲ್ಲಿ. ಕಾದಾಡಿ ಅದನ್ನು ಗೆಲ್ಲಲು ಯಾರಿಂದಲೂ ಆಗುವುದಿಲ್ಲ. ಒಮ್ಮೆ ಮುಖ ತೋರಿಸಿ, ತಿರುಗಿ ಮೆಲ್ಲಗೆ ನಡೆಯುತ್ತದೆ. ಹಿಂದೆ ಓಡಿಬಂದವರಿಗೆ ಮಾತ್ರ ನಿಂತು ಕಾಯುತ್ತದೆ, ಅವರದಾಗುತ್ತದೆ. "ಅಷ್ಟು ಬಲ ಇರೋದು ಇನ್ನೊಬ್ರಿಗೆ ಯಾಕಮ್ಮ ಕಾಯುತ್ತೆ?" ಎಂದರು ಹೆಡ್‌ಮೇಷ್ಟ್ರು. "ಬಲ ಇರೋದಕ್ಕೇ ಸರ್ ಕಾಯೋಕಾಗೋದು" ಎಂದೆ ನಾನು. ಅಷ್ಟು ದೊಡ್ಡ ಗಾಡಿಯನ್ನು ಒಂದು ಪಾದದ ಕೆಳಗೆ ಹಿಡಿದು, ಚೀಲ ಹೊತ್ತು ಏದುಸಿರು ಬಿಡುತ್ತಾ ಬರುವ ಮುದುಕಿಗಾಗಿ ಕಾಯುತ್ತಿದ್ದವನು ನನ್ನ ಕಣ್ಣ ಮುಂದಿದ್ದ. ಮೇಷ್ಟ್ರು ಅಂದು ಕನ್ನಡಕವನ್ನು ಮೊದಲೇ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು.

ಅಷ್ಟರಲ್ಲಿ ನೀನು ಹಾಸಿಗೆ ಹಿಡಿದಿದ್ದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಯ ಕಡೆ ತಿರುಗಿದರೆ ಕೊಂಚ ಹಗುರ. ಆದರೆ ಬಾಗಿಲಿಗೆ ಬೆನ್ನು ಹಾಕಲು ನಿನಗೆ ಜೀವ ಒಪ್ಪಲಿಲ್ಲ. "ಹತ್ತೋರು ಇಳಿಯೋರು ಕಾಣಬೇಡ್ವಾ?" ಎಂದು ರೇಗಾಡಿ, ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ಆ ಗೋಡೆಗೇ ಮೊಳೆ ಹೊಡೆಸಿ ತೂಗುಹಾಕಿಸಿಕೊಂಡೆ. ನಾನು ಆಫೀಸಿನಿಂದ ಬಂದು ಹಿಂದೆ ಕೂತು ನಿನ್ನ ಬೆನ್ನು ಉಜ್ಜುವಾಗ ನೀನು ಕನ್ನಡಿಯಲ್ಲಿ ನನ್ನನ್ನು ನೋಡಿ ಅದೇ ಮಾತು ಕೇಳುತ್ತಿದ್ದೆ. "ಕೂತ್ಯಾ?" ನಾನು ತಲೆಯಾಡಿಸುತ್ತಿದ್ದೆ. ಬಸ್ಸೊಂದಿರಲಿಲ್ಲ, ಅಷ್ಟೇ.

ಹಾಗೆ ಕೂತಿದ್ದ ಒಂದು ಸಂಜೆಯೇ ನಿನಗೆ ಗುಡ್ಡವನ್ನು ತೋರಿಸಿದ್ದು. ಮುಖ ಇನ್ನೂ ಬರೆದಿರಲಿಲ್ಲ, ಬೆನ್ನು ಮಾತ್ರ ಆಟದೊಳಗೆ ಹೋಗಿತ್ತು. ಆಟದ ಯಂತ್ರವನ್ನು ನಿನ್ನ ಕೈಗೆ ಕೊಟ್ಟು, "ಯಾರಪ್ಪ ಇದು, ಹೇಳು ನೋಡೋಣ" ಎಂದೆ. ನೀನು ಅದನ್ನು ಸ್ಟಿಯರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, "ಬ್ರೇಕ್ ಎಲ್ಲಿದೆ ಇದಕ್ಕೆ?" ಎಂದು ಕೇಳಿದೆ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದೆ. ನಿನ್ನ ಹೆಗಲು, ನಿನ್ನ ಕತ್ತು, ನಿನ್ನ ಹರುಕು ಕಿವಿ. ಈಗ ನಗುತ್ತಾನೆ, ಈಗ ಬೈಯುತ್ತಾನೆ ಎಂದು ನಾನು ಕಾದೆ. "ಯಾರದೋ ಏನೋ, ಪಾಪ" ಎಂದೆ ನೀನು. "ತುಂಬಾ ದಣಿದಿರೋ ಬೆನ್ನು ಇದು. ಎಷ್ಟೊತ್ತಿಂದ ನಿಂತಿದೆಯೋ. ಇದನ್ನ ಯಾರೂ ಕೂರಿಸಲ್ವಾ?"

ನನಗೆ ಆಗ ಹೊಳೆಯಿತು, ನೀನು ಅದನ್ನು ಜನ್ಮದಲ್ಲಿ ನೋಡಿರಲಿಲ್ಲ. ತನ್ನ ಬೆನ್ನನ್ನು ಯಾರು ತಾನೇ ನೋಡಿಕೊಂಡಿರುತ್ತಾರೆ! ಇಷ್ಟು ವರ್ಷ ಅದನ್ನು ನೋಡಿದವಳು ನಾನೊಬ್ಬಳು. "ಅದು ನೀನೇ ಕಣಪ್ಪ" ಎಂಬ ಮಾತು ಗಂಟಲವರೆಗೆ ಬಂತು. ಆದರೆ ಯಾರೋ ಪರಕೀಯನಿಗೆ ಎಂಬಂತೆ ನೀನು ಅಷ್ಟು ಮರುಗಿದ್ದೆ, ನಿನಗೆ ನೀನು ಹಾಗೆ ಎಂದೂ ಮರುಗಿದವನಲ್ಲ. ಹೇಳಿದ್ದರೆ ಆ ಮರುಕವನ್ನು ನೀನು ಅಲ್ಲೇ ವಾಪಸ್ ತೆಗೆದುಕೊಳ್ಳುತ್ತಿದ್ದೆ. ನಾನು ಸುಮ್ಮನೆ ಬೆನ್ನು ಉಜ್ಜಿದೆ.

ಮುಖ ಬರೆದದ್ದು ಆ ದಿನಗಳಲ್ಲೇ. ಎದುರು ಯಾವ ಫೋಟೋವನ್ನೂ ಇಟ್ಟುಕೊಳ್ಳಲಿಲ್ಲ, ಬೇಕೂ ಆಗಲಿಲ್ಲ. ಪ್ರಾಣಿಯ ಮುಖವೇ, ಆದರೆ ಆ ಕಣ್ಣುಗಳು, ಒಂದು ಕಡೆ ಹರಿದ ಕಿವಿ, ಅದೇ ಕಡೆ ಸ್ವಲ್ಪ ಇಳಿದ ರೆಪ್ಪೆ, ಎಲ್ಲವೂ ನಿನ್ನವೇ. ಚಿತ್ರ ಮುಗಿದ ಮೇಲೆ ಅದನ್ನು ಎಡಬಲ ತಿರುವಿ ನೋಡುವುದು ನಮ್ಮ ಅಭ್ಯಾಸ, ಸೊಟ್ಟ ಗೆರೆಗಳು ಆಗ ಎದ್ದು ಕಾಣುತ್ತವೆ. ತಿರುವಿ ನೋಡಿದೆ. ಯಾರೋ ಅಪರಿಚಿತರು ನನ್ನನ್ನೇ ದಿಟ್ಟಿಸಿದ ಹಾಗಾಯಿತು. ಗಾಬರಿಯಾಗಿ ಮೊದಲಿನ ಹಾಗೆಯೇ ತಿರುಗಿಸಿಟ್ಟೆ. ಸಾಮಾನ್ಯವಾಗಿ ಮುಖದವನ ಚಿತ್ರ, ನನ್ನ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಯಾರಾದರೂ ಹೊಂದಿಸಿ ನೋಡುತ್ತಾರೆ. ಈ ಸಲ ಎರಡೂ ಒಂದೇ ಕೈಯವು, ಹೊಂದಿಸುವುದೇನಿದೆ ಎಂದು ಯಾರೂ ನೋಡಲಿಲ್ಲ.

ಆಟ ಅಂಗಡಿಗಳಿಗೆ ಹೋದ ದಿನ ಬೆಳಿಗ್ಗೆ ನಾನು ಆಫೀಸಿನಲ್ಲಿದ್ದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಿನ್ನನ್ನು ನೋಡಿಕೊಳ್ಳುತ್ತಿದ್ದ ನರ್ಸಮ್ಮ ಫೋನ್ ಮಾಡಿ, "ಬೇಗ ಬಂದ್ಬಿಡಿ" ಎಂದಷ್ಟೇ ಹೇಳಿದಳು. ನಾನು ಬರುವಷ್ಟರಲ್ಲಿ ನೀನು ಹೋಗಿಯಾಗಿತ್ತು. ಅವಳು ನಿನ್ನನ್ನು ಅಂಗಾತ ಮಲಗಿಸಿ, ತಲೆ ಬಾಚಿ, ಹೊದಿಕೆ ಎಳೆದು ನೇರ ಮಾಡಿದ್ದಳು. ನಾನು ಬಗ್ಗಿ ನೋಡಿದೆ. ಹರಿದ ಕಿವಿ ಆ ಕಡೆ ಇರಬೇಕಾದದ್ದು ಈ ಕಡೆ ಇತ್ತು. ಇಳಿದ ರೆಪ್ಪೆ ಈ ಕಡೆ. ಕ್ರಾಪು ಕೂಡ ಉಲ್ಟಾ. ಅತ್ತೆ ಗೋಳೋ ಎಂದು ಬಿದ್ದು ಹೊರಳಾಡುತ್ತಿದ್ದಳು, ನನಗೆ ಅಳುವೇ ಬರಲಿಲ್ಲ. ಇದು ಯಾರು, ನಮ್ಮಪ್ಪ ಎಲ್ಲಿ ಎಂದು ಗೋಡೆಯ ಕನ್ನಡಿಯಲ್ಲಿ ಹುಡುಕಿದೆ. ಅದರಲ್ಲಿ ನಾನೊಬ್ಬಳೇ ಇದ್ದೆ.

ಆಟ ಆಡಿದವರಿಗೆ ಗುಡ್ಡ ಬಹಳ ಹಿಡಿಸಿತು. ತಪ್ಪನ್ನೂ ಅವರೇ ಹಿಡಿದರು. ಎದುರು ನಿಂತಾಗ ಗುಡ್ಡದ ಬಲಗಿವಿ ಹರಿದಿದೆ, ನಮ್ಮದಾದ ಮೇಲೆ ಬೆನ್ನ ಕಡೆಯಿಂದ ನೋಡಿದರೆ ಎಡಗಿವಿ ಹರಿದಿದೆ, ಇದೇನು ಕಥೆ? ಗುಡ್ಡ ಒಂದಲ್ಲ, ಅವಳಿಜವಳಿ ಎಂದು ಕೆಲವರು ವಾದ ಹೂಡಿದರು. ಹೆಡ್‌ಮೇಷ್ಟ್ರಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು. "ಬೆನ್ನಿನವಳಿಗೆ ಮುಖ ಕೊಟ್ಟಿದ್ದಕ್ಕೆ ಎಡ ಯಾವುದು ಬಲ ಯಾವುದು ಅನ್ನೋದೇ ಮರೆತುಹೋಯ್ತು ನೋಡಿ!" ಎಲ್ಲರೂ ನಕ್ಕರು. ನಾನು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಬೆನ್ನನ್ನು ಕಂಡ ಹಾಗೆ ಬರೆದಿದ್ದೆ. ಮುಖವನ್ನೂ ಕಂಡ ಹಾಗೆಯೇ ಬರೆದಿದ್ದೆ, ಕಂಡದ್ದು ಕನ್ನಡಿಯಲ್ಲಿ ಎಂಬುದು ಮರೆತಿತ್ತು.

ಹೊಸ ಆವೃತ್ತಿ ಬರುತ್ತಿದೆ, ಅದರಲ್ಲಿ ಸರಿಪಡಿಸಿಕೊಡು ಎಂದರು. ಕೆಲಸ ಎಷ್ಟರದು? ಮುಖವನ್ನು ಎಡಬಲ ತಿರುವಿದರೆ ಮುಗಿಯಿತು, ಒಂದು ಗುಂಡಿ ಒತ್ತುವಷ್ಟು. ಒತ್ತಿದೆ ಅಪ್ಪ. ಒತ್ತಿದ ಕೂಡಲೇ ಆ ಮಂಚದ ಮೇಲಿನ ಮುಖ ಬಂದು ಕೂತಿತು. ನರ್ಸಮ್ಮ ಬಾಚಿ ನೇರ ಮಾಡಿದ ಮುಖ. ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಆ ದಿನ ಬಾರದ ಅಳು ಅಲ್ಲಿ ಬಂತು. ಸರಿಪಡಿಸಿದರೆ ಸತ್ತವನ ಮುಖ, ಬಿಟ್ಟರೆ ತಪ್ಪು. ಬೆನ್ನನ್ನು ಬದಲಿಸುತ್ತೇನೆ ಎಂದು ಮೇಷ್ಟ್ರನ್ನು ಕೇಳೋಣವೆಂದರೆ, ಆ ಹೆಗಲನ್ನು ಬಲಕ್ಕೆ ಇಳಿಸಲು ನನ್ನ ಕೈ ಬರಬೇಕಲ್ಲ. ಮುಖದವನು ಬಂದು ಪಕ್ಕದಲ್ಲಿ ಕೂತ. ಅವನಿಗೆ ಎಲ್ಲವನ್ನೂ ಹೇಳಿದೆ. "ಎರಡೂ ಕಿವಿ ಹರಿದುಬಿಡೋಣ್ವಾ?" ಎಂದ. ಅಳುತ್ತಾ ಅಳುತ್ತಾ ನಕ್ಕುಬಿಟ್ಟೆ.

ಮರುದಿನ ಆಫೀಸಿಗೆ ಬಸ್ಸಿನಲ್ಲಿ ಹೋದೆ. ನೀನು ಹೋದ ಮೇಲೆ ನಾನು ಬ‌ಸ್ಸು ಹತ್ತಿಯೇ ಇರಲಿಲ್ಲ. ಡ್ರೈವರ್ ಹಿಂದಿನ ಸೀಟು ಖಾಲಿಯಿತ್ತು. ಎಳೆಯ ವಯಸ್ಸಿನವನು, ಇನ್ನೂ ನೆಟ್ಟಗಿನ ಬೆನ್ನು. ತಲೆಯೆತ್ತಿದರೆ ಕನ್ನಡಿಯಲ್ಲಿ ಅವನು ನನ್ನನ್ನು ನೋಡುತ್ತಿದ್ದ, ಕೂತಾಯಿತೇ ಎಂದು. ನಾನು ತಲೆಯಾಡಿಸಿದೆ. ಬಸ್ಸು ಹೊರಟಿತು. ಗುಡ್ಡಕ್ಕೆ ಏನು ಮಾಡಬೇಕೆಂದು ನನಗೆ ಆಗಲೇ ಗೊತ್ತಾಯಿತು.

ಎದುರು ನಿಲ್ಲುವ ಮುಖವನ್ನು ಸರಿಪಡಿಸಿಕೊಟ್ಟೆ ಅಪ್ಪ. ನೀನು ಹಾಗೇ ಇದ್ದೆ, ಲೋಕಕ್ಕೆಲ್ಲ ಕಂಡದ್ದು ಅದೇ ಮುಖ, ಅದನ್ನು ಅಲ್ಲಗಳೆಯಲು ನಾನು ಯಾರು? ಆದರೆ ಗುಡ್ಡ ನಡೆದುಹೋಗುವ ಬೀದಿ ತಿರುಗುವಲ್ಲಿ, ನೇರ ಎದುರಿಗೆ, ಬಾಗಿಲು ಮುಚ್ಚಿದ ಒಂದು ಅಂಗಡಿ ಕಟ್ಟಿಸಿದೆ. ಅದಕ್ಕೊಂದು ದೊಡ್ಡ ಗಾಜು. ಗುಡ್ಡದ ಹಿಂದೆ ಓಡಿಬಂದವರಿಗೆ ಬೆನ್ನಿನ ಆಚೆ ಆ ಗಾಜಿನಲ್ಲಿ ಅದರ ಮುಖ ಕಾಣುತ್ತದೆ. ನನ್ನ ಹಳೆಯ ಚಿತ್ರವನ್ನು ಒಂದು ಗೆರೆಯೂ ಬದಲಿಸದೆ ಆ ಗಾಜಿನೊಳಗೆ ಇಟ್ಟಿದ್ದೇನೆ. ಅಲ್ಲಿ ಅದು ತಪ್ಪಲ್ಲ. ಹೆಡ್‌ಮೇಷ್ಟ್ರು ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. ತಪ್ಪು ಸಿಗಲಿಲ್ಲ. "ಇರ್ಲಿ ಬಿಡಮ್ಮ" ಎಂದರು.

ಇನ್ನೊಂದನ್ನೂ ಸೇರಿಸಿದ್ದೇನೆ. ಗುಡ್ಡ ಯಾರದಾದರೂ ಆದ ಮೇಲೆ, ಕಾದಾಟವಿಲ್ಲದ ಹೊತ್ತಿನಲ್ಲಿ, ಇನ್ನು ಮುಂದೆ ನಿಂತೇ ಇರುವುದಿಲ್ಲ. ಅದಕ್ಕೊಂದು ಕೂತ ಬೆನ್ನು ಬರೆದಿದ್ದೇನೆ. ಹೆಗಲು ಕೊಂಚ ಸಡಿಲವಾಗಿದೆ. ನೀನು ಹೇಳಿದ್ದೆಯಲ್ಲ, ಅದಕ್ಕೆ.

ಇವತ್ತು ಒಪ್ಪಿಸುವ ಮುಂಚೆ ಕೊನೆಯ ಸಲ ನಾನೇ ಆಡಿ ನೋಡಿದೆ. ಬೀದಿಯಲ್ಲಿ ಗುಡ್ಡ ಬಂತು, ಒಮ್ಮೆ ಮುಖ ತೋರಿಸಿ ತಿರುಗಿತು, ನಡೆಯಿತು. ನಾನು ಹಿಂದೆ ಓಡಿದೆ. ತಿರುವಿನಲ್ಲಿ ಅದು ನಿಂತಿತು. ಗಾಜಿನಲ್ಲಿ ನಿನ್ನ ಕಣ್ಣು ಎಲ್ಲವನ್ನೂ ಒಮ್ಮೆ ನೋಡಿ ಬಂದು ನನ್ನ ಹತ್ತಿರ ನಿಂತಿತು. ಪಕ್ಕದಲ್ಲಿ ಮುಖದವನು ನೋಡುತ್ತಿದ್ದಾನೆ ಎಂಬ ನಾಚಿಕೆಯನ್ನೂ ಬಿಟ್ಟು ನಾನು ತಲೆಯಾಡಿಸಿದೆ.

ಗೊತ್ತಿಲ್ಲದ ಊರುಗಳಲ್ಲಿ ಗೊತ್ತಿಲ್ಲದವರು ಇನ್ನು ನಿನ್ನ ಹಿಂದೆ ಓಡಿಬರುತ್ತಾರೆ. ಅವರಿಗೆಲ್ಲ ಕಾಯುತ್ತೀಯ, ನನಗೆ ಗೊತ್ತು. ನನಗಾಗಿ ಮಾತ್ರ ಇನ್ನು ಕಾಯಬೇಡ. ನಿನ್ನ ದಾರಿ ಗುಂಡಿಯಿಲ್ಲದೆ ನುಣ್ಣಗಿರಲಿ, ಎದುರು ಬರುವವರು ದಾರಿ ಬಿಡಲಿ, ಕಡೆಯ ಸ್ಟಾಪಿನಲ್ಲಿ ಅಮ್ಮ ನಿಂತಿರಲಿ.

ನಾನು ಕೂತಿದ್ದೇನೆ ಅಪ್ಪ. ಹೊರಡು.

ಹಿಂದಿನ ಸೀಟಿನಿಂದ,
ನಿನ್ನ ಮಗಳು